ಫ್ರೆಶರ್ ರೆಸ್ಯೂಮ್‌ಗೆ ಗೂಗಲ್ ಡಾಕ್ಸ್ ಟೆಂಪ್ಲೇಟ್ ಸಾಕಾ? ಬಳಸಿ ನೋಡಿದವಳ ಮಾತು

ಮೊದಲೇ ಹೇಳಿಬಿಡುತ್ತೇನೆ, ಸಾಕು. ಈಗಷ್ಟೇ ಡಿಗ್ರಿ ಮುಗಿಸಿ ಮೊದಲ ರೆಸ್ಯೂಮ್ ಬರೆಯಲು ಕೂತವರಿಗೆ ಗೂಗಲ್ ಡಾಕ್ಸ್‌ನಲ್ಲಿ ಪುಕ್ಕಟೆ ಸಿಗುವ ಟೆಂಪ್ಲೇಟ್‌ಗಿಂತ ಜಾಸ್ತಿ ಏನೂ ಬೇಡ. ಹೇಗೋ ನಡೆದುಹೋಗುತ್ತದೆ ಎನ್ನುವ ಅರ್ಥದಲ್ಲಿ ಹೇಳುತ್ತಿಲ್ಲ. ನಾನು ಮೂರು ದಾರಿ ಹಿಡಿದು ನೋಡಿದೆ, ಒಂದಕ್ಕೆ ದುಡ್ಡೂ ಕಟ್ಟಿದೆ, ಕೊನೆಗೆ ಕೈ ಹಿಡಿದದ್ದು ಇದೇ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅದರಲ್ಲೂ ದೊಡ್ಡ ಪಾಲು ಟೆಂಪ್ಲೇಟ್‌ಗಲ್ಲ, ಪುಟದ ಬಲಗಡೆ ಬರುವ ಕಾಮೆಂಟ್ ಬಾಕ್ಸ್‌ಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಓದಿದ್ದು ಸ್ಟಾಟಿಸ್ಟಿಕ್ಸ್. ಕೊನೆಯ ಪರೀಕ್ಷೆ ಮುಗಿದ ವಾರವೇ ರೆಸ್ಯೂಮ್ ಮಾಡಲು ಕೂತೆ. ಹುಡುಕಿದಾಗ ಮೊದಲು ಕಾಣಿಸಿದ್ದು ಒಂದು ರೆಸ್ಯೂಮ್ ಬಿಲ್ಡರ್ ವೆಬ್‌ಸೈಟ್. ಹೆಸರು ಹೇಳುವುದಿಲ್ಲ, ಈ ಥರದವು ಬೇಕಾದಷ್ಟಿವೆ. ಫ್ರೀ ಎಂದು ದೊಡ್ಡದಾಗಿ ಬರೆದಿತ್ತು. ಅದು ಪ್ರಶ್ನೆ ಕೇಳುತ್ತಾ ಹೋಯಿತು, ನಾನು ತುಂಬುತ್ತಾ ಹೋದೆ, ಎರಡು ಗಂಟೆ ಕಳೆಯಿತು, ಪುಟ ನೋಡಲು ಬಹಳ ಚೆಂದ ಬಂತು, ಆಮೇಲೆ ಡೌನ್‌ಲೋಡ್ ಒತ್ತಿದರೆ ಕಾರ್ಡ್ ನಂಬರ್ ಕೇಳಿತು. ಎರಡು ಗಂಟೆಯ ಕೆಲಸ ಅದರೊಳಗೆ ಸಿಕ್ಕಿಕೊಂಡಿದೆ, ಬಿಟ್ಟು ಬರಲು ಮನಸ್ಸಾಗಲಿಲ್ಲ. ಕೆಲವು ದಿನದ ಟ್ರಯಲ್‌ಗೆ ಸಣ್ಣ ಮೊತ್ತ, ಕಟ್ಟಿದೆ. ಟ್ರಯಲ್ ಮುಗಿದರೆ ತಾನಾಗಿಯೇ ತಿಂಗಳ ಚಂದಾ ಶುರುವಾಗುತ್ತದೆ ಎನ್ನುವುದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಒಂದು ತಿಂಗಳ ದುಡ್ಡು ಹೋದ ಮೇಲೆ ಗೊತ್ತಾಯಿತು. ಸಂಬಳವೇ ಇಲ್ಲದೆ ಕೆಲಸ ಹುಡುಕುತ್ತಿರುವವರ ಹತ್ತಿರ ಹೀಗೆ ದುಡ್ಡು ಕೀಳುವುದು ತಪ್ಪು. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ನೀವು ಯಾವುದೇ ಸೈಟ್‌ಗೆ ಹೋದರೂ ಮೊದಲು ಬರೀ ಹೆಸರು ತುಂಬಿ ಡೌನ್‌ಲೋಡ್ ಒತ್ತಿ ನೋಡಿ. ದುಡ್ಡು ಕೇಳುವುದಾದರೆ ಅಲ್ಲೇ ಕೇಳುತ್ತದೆ, ನಿಮ್ಮ ಎರಡು ಗಂಟೆ ಉಳಿಯುತ್ತದೆ.

ಸರಿ, ದುಡ್ಡು ಹೋಯಿತು, ರೆಸ್ಯೂಮ್ ಆದರೂ ಚೆನ್ನಾಗಿತ್ತಾ ಅಂದರೆ ಅದೂ ಇಲ್ಲ. ಎರಡು ಕಾಲಮ್, ಎಡಕ್ಕೆ ಗಾಢ ನೀಲಿ ಪಟ್ಟಿ, ಅದರಲ್ಲಿ ನನ್ನ ಫೋಟೋ, ಕೆಳಗೆ ಎಕ್ಸೆಲ್‌ಗೆ ಐದರಲ್ಲಿ ನಾಲ್ಕು ಚುಕ್ಕಿ, ಆರ್ ಪ್ರೋಗ್ರಾಮಿಂಗ್‌ಗೆ ಮೂರು ಚುಕ್ಕಿ. ಮೂರು ಚುಕ್ಕಿ ಅಂದರೆ ಏನು? ಯಾರನ್ನು ನೋಡಿ ಮೂರು? ಅದನ್ನು ಓದುವವರಿಗೆ ಏನೂ ತಿಳಿಯುವುದಿಲ್ಲ ಅಲ್ವಾ? ಅದಕ್ಕಿಂತ ದೊಡ್ಡ ತೊಂದರೆ ಆಮೇಲೆ ಕಂಡಿತು. ಆ ಪಿಡಿಎಫ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿದೆ. ಎಡಗಡೆಯ ಸಾಲು ಬಲಗಡೆಯ ಸಾಲಿನೊಳಗೆ ನುಗ್ಗಿತ್ತು. ಡಿಗ್ರಿಯ ಹೆಸರಿನ ನಡುವೆ ನನ್ನ ಫೋನ್ ನಂಬರ್ ಬಂದಿತ್ತು. ಚುಕ್ಕಿಗಳು ಮಾಯವಾಗಿದ್ದವು.

ಈ ಪೇಸ್ಟ್ ಪರೀಕ್ಷೆ ಮುಖ್ಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ಕಂಪನಿಗಳು ಅರ್ಜಿಗಳನ್ನು ಎಟಿಎಸ್ ಎನ್ನುವ ಸಾಫ್ಟ್‌ವೇರ್ ಮೂಲಕ ತೆಗೆದುಕೊಳ್ಳುತ್ತವೆ. ಗ್ರೀನ್‌ಹೌಸ್, ಲಿವರ್, ವರ್ಕ್‌ಡೇ ಇಂಥವು. ಅದು ನಿಮ್ಮ ಫೈಲ್‌ನಿಂದ ಅಕ್ಷರಗಳನ್ನು ಎತ್ತಿಕೊಂಡು ಹೆಸರು, ಇಮೇಲ್, ಓದು, ಅನುಭವ ಎಂದು ಬೇರೆ ಬೇರೆ ಖಾನೆಗೆ ಹಾಕಲು ನೋಡುತ್ತದೆ. ಎಚ್‌ಆರ್‌ನವರು ಅಲ್ಲಿ ಪದ ಹಾಕಿ ಹುಡುಕುತ್ತಾರೆ. ಎರಡು ಕಾಲಮ್ ಇದ್ದರೆ ಕೆಲವು ಸಾಫ್ಟ್‌ವೇರ್ ಸರಿಯಾಗಿ ಓದುತ್ತವೆ, ಕೆಲವು ಕಲಸಿಬಿಡುತ್ತವೆ. ಪುಟದ ತಲೆಭಾಗದ ಹೆಡರ್‌ನಲ್ಲಿ ಫೋನ್, ಇಮೇಲ್ ಹಾಕಿದರೆ ಅದನ್ನು ನೋಡದೆ ಮುಂದೆ ಹೋಗುವವೂ ಇವೆ. ಹಾಗಂತ ನೂರಕ್ಕೆ 75 ರೆಸ್ಯೂಮ್‌ಗಳನ್ನು ಈ ಸಾಫ್ಟ್‌ವೇರೇ ಕಸಕ್ಕೆ ಹಾಕುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರಲ್ಲ, ಅದನ್ನು ನಂಬಬೇಡಿ, ಆ ಲೆಕ್ಕದ ಹಿಂದೆ ಸರಿಯಾದ ಅಧ್ಯಯನ ಇಲ್ಲ. ಭಯ ಬೇಡ. ಪೇಸ್ಟ್ ಮಾಡಿದಾಗ ಮೇಲಿನಿಂದ ಕೆಳಗೆ ಕ್ರಮವಾಗಿ ಓದಲು ಬಂದರೆ ಬಹುತೇಕ ಕಡೆ ನಡೆಯುತ್ತದೆ.

ಎರಡನೇ ದಾರಿ ಓವರ್‌ಲೀಫ್. ಕಂಪ್ಯೂಟರ್ ಸೈನ್ಸ್ ಓದುವ ಗೆಳೆಯರೆಲ್ಲ ಇದನ್ನೇ ಹೊಗಳುತ್ತಾರೆ, ಹೊಗಳುವುದರಲ್ಲಿ ತಪ್ಪೂ ಇಲ್ಲ. ಇದೊಂದು ವೆಬ್‌ಸೈಟ್, ಬ್ರೌಸರ್‌ನಲ್ಲೇ ಲೇಟೆಕ್ ಬರೆಯಬಹುದು, ಅಂದರೆ ಕೋಡ್ ಥರ ಆಜ್ಞೆ ಬರೆದು ಪುಟ ಜೋಡಿಸುವ ವಿಧಾನ, ಬರುವ ಪುಟ ಅಚ್ಚುಕಟ್ಟು, ಸಾಲುಗಳ ನಡುವಿನ ಜಾಗ ಹದವಾಗಿರುತ್ತದೆ. ನಿಮಗೆ ಲೇಟೆಕ್ ಮೊದಲೇ ಬರುವುದಾದರೆ ಖಂಡಿತ ಬಳಸಿ. ಬರದಿದ್ದರೆ ರೆಸ್ಯೂಮ್‌ಗಾಗಿ ಅದನ್ನು ಕಲಿಯಲು ಹೋಗಬೇಡಿ. ನಾನು ಒಂದು ಇಡೀ ದಿನ ಬ್ರಾಕೆಟ್ ಸರಿಮಾಡುತ್ತಾ ಕೂತೆ, ಆ ದಿನ ರೆಸ್ಯೂಮ್‌ನಲ್ಲಿ ಒಂದು ಸಾಲೂ ಹೊಸದಾಗಿ ಬರೆದಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಲೇಟೆಕ್‌ನಲ್ಲಿ ಇಂಗ್ಲಿಷಿನ ಎಫ್ ಮತ್ತು ಐ ಅಕ್ಕಪಕ್ಕ ಬಂದರೆ ಎರಡನ್ನೂ ಸೇರಿಸಿ ಒಂದೇ ಅಚ್ಚಾಗಿ ಕೂರಿಸುತ್ತದೆ. ಕಣ್ಣಿಗೆ ಚೆಂದ, ಆದರೆ ಕೆಲವು ಸೆಟ್ಟಿಂಗ್‌ನಲ್ಲಿ ಕಾಪಿ ಮಾಡಿದರೆ ಆ ಜಾಗದಲ್ಲಿ ಅಕ್ಷರ ಕಾಣೆಯಾಗುತ್ತದೆ. ಅಲ್ಲೂ ನೋಟ್‌ಪ್ಯಾಡ್ ಪರೀಕ್ಷೆ ಬಿಡಬೇಡಿ.

ಇನ್ನು ಗೂಗಲ್ ಡಾಕ್ಸ್. ಜಿಮೇಲ್ ಇದ್ದರೆ ಡಾಕ್ಸ್ ಇದೆ ಎಂದೇ ಅರ್ಥ. ಟೆಂಪ್ಲೇಟ್ ಗ್ಯಾಲರಿ ತೆರೆದರೆ ರೆಸ್ಯೂಮ್ ಎಂಬ ವಿಭಾಗದಲ್ಲಿ ಸ್ವಿಸ್, ಸೆರಿಫ್, ಕೋರಲ್, ಸ್ಪಿಯರ್‌ಮಿಂಟ್, ಮಾಡರ್ನ್ ರೈಟರ್ ಎಂಬ ಹೆಸರಿನವು ಸಿಗುತ್ತವೆ. ಸೆರಿಫ್‌ನಲ್ಲಿ ಬಲಕ್ಕೆ ಇನ್ನೊಂದು ಕಾಲಮ್ ಇದೆ, ಹಾಗಾಗಿ ಅದನ್ನು ಬಿಟ್ಟೆ. ನಾನು ಆರಿಸಿದ್ದು ಸ್ಪಿಯರ್‌ಮಿಂಟ್. ಒಂದೇ ಕಾಲಮ್, ಮೇಲೆ ಹೆಸರು, ಹಸಿರು ಬಣ್ಣದ ತಲೆಬರಹಗಳು. ಹಸಿರನ್ನು ಕಪ್ಪು ಮಾಡಿಕೊಂಡೆ, ಅದು ನನ್ನ ಇಷ್ಟ, ಹಾಗೇ ಬಿಟ್ಟರೂ ಯಾರೂ ಏನೂ ಅನ್ನುವುದಿಲ್ಲ. ಪೇಸ್ಟ್ ಮಾಡಿ ನೋಡಿದೆ. ಹೆಸರು, ಫೋನ್, ಓದು, ಪ್ರಾಜೆಕ್ಟ್, ಎಲ್ಲ ಸಾಲಾಗಿ ಬಂತು. ಅಷ್ಟು ನೆಮ್ಮದಿ ಆಯಿತು ನನಗೆ.

ಅರ್ಧ ಅಂಕ ಕಳೆದದ್ದು ಎಲ್ಲಿ ಅಂದರೆ, ಈ ಟೆಂಪ್ಲೇಟ್‌ಗಳು ಆಗಲೇ ಕೆಲಸ ಮಾಡುತ್ತಿರುವವರಿಗೆ ಮಾಡಿದ ಹಾಗಿವೆ. ಅನುಭವ ಮೊದಲು ಬರುತ್ತದೆ, ಓದು ಆಮೇಲೆ. ಈಗ ತಾನೇ ಕಾಲೇಜು ಮುಗಿಸಿದವರು ಅದನ್ನು ಹಾಗೇ ಇಟ್ಟುಕೊಂಡರೆ ಪುಟದ ಮೇಲ್ಭಾಗವೇ ಖಾಲಿ ಖಾಲಿ ಕಾಣುತ್ತದೆ, ಆ ಖಾಲಿ ನೋಡಿದಾಗ ನನ್ನ ಹತ್ತಿರ ಏನೂ ಇಲ್ಲ ಎಂಬ ಬೇಸರ ಬರುತ್ತದೆ, ಆ ಬೇಸರದಲ್ಲಿ ಇಲ್ಲದ್ದನ್ನೆಲ್ಲ ತುಂಬಲು ಹೋಗುತ್ತೇವೆ. ಓದನ್ನು ಮೇಲಕ್ಕೆ ತನ್ನಿ. ಅದರ ಕೆಳಗೆ ಪ್ರಾಜೆಕ್ಟ್, ಆಮೇಲೆ ಇಂಟರ್ನ್‌ಶಿಪ್ ಅಥವಾ ಪಾರ್ಟ್‌ಟೈಮ್ ಕೆಲಸ, ಕೊನೆಗೆ ನಿಮಗೆ ಗೊತ್ತಿರುವ ಸಾಫ್ಟ್‌ವೇರ್ ಮತ್ತು ಭಾಷೆಗಳು. ಇಂಟರ್ನ್‌ಶಿಪ್ ಗಟ್ಟಿಯಾಗಿದ್ದರೆ ಅದನ್ನೇ ಎರಡನೆಯದಾಗಿ ಇಡಿ. ಮಾದರಿಗೆಂದು ಟೆಂಪ್ಲೇಟ್‌ನಲ್ಲಿ ಲೋರೆಮ್ ಇಪ್ಸಮ್ ಎಂದು ಶುರುವಾಗುವ ಅರ್ಥವಿಲ್ಲದ ಸಾಲುಗಳಿರುತ್ತವೆ, ಒಂದನ್ನೂ ಬಿಡದೆ ಅಳಿಸಿ. ಕಳಿಸುವ ಮುಂಚೆ ಲೋರೆಮ್ ಎಂದು ಹಾಕಿ ಒಮ್ಮೆ ಹುಡುಕಿಬಿಡಿ.

ಈಗ ಕಾಮೆಂಟ್ ವಿಷಯ. ನನ್ನ ಚಿಕ್ಕಮ್ಮನ ಮಗಳು ಎಚ್‌ಆರ್‌ನಲ್ಲಿ ಕೆಲಸ ಮಾಡುತ್ತಾಳೆ, ನನಗೆ ಅಕ್ಕ. ಶೇರ್ ಒತ್ತಿ, ಅವಳ ಇಮೇಲ್ ಹಾಕಿ, ಕಾಮೆಂಟ್ ಮಾಡಬಹುದು ಆದರೆ ತಿದ್ದಬಾರದು ಎನ್ನುವ ಆಯ್ಕೆ ಕೊಟ್ಟೆ. ಇದು ಬೇಕೆಂದೇ ಮಾಡಿದ್ದು. ತಿದ್ದಲು ಬಿಟ್ಟರೆ ನಮ್ಮ ಮೇಲಿನ ಪ್ರೀತಿಗೆ ಅವರೇ ಬರೆದುಬಿಡುತ್ತಾರೆ, ಆಗ ಅದು ಅವರ ಮಾತಾಗುತ್ತದೆ, ಇಂಟರ್‌ವ್ಯೂನಲ್ಲಿ ಆ ಸಾಲಿನ ಬಗ್ಗೆ ಕೇಳಿದರೆ ನಮ್ಮ ಬಾಯಲ್ಲಿ ಮಾತು ಬರುವುದಿಲ್ಲ.

ಮೊದಲ ಕಾಮೆಂಟ್ ಬಂದದ್ದು ಆಬ್ಜೆಕ್ಟಿವ್ ಮೇಲೆ, ಅಂದರೆ ನಮ್ಮ ಗುರಿ ಏನು ಎಂದು ರೆಸ್ಯೂಮ್‌ನ ಮೇಲ್ಭಾಗದಲ್ಲಿ ಬರೆಯುವ ಸಾಲಿನ ಮೇಲೆ. ನಾನು ಬರೆದಿದ್ದೆ, ಸವಾಲಿನ ಕೆಲಸದಲ್ಲಿ ನನ್ನ ಕೌಶಲ ಬಳಸಿ ಸಂಸ್ಥೆಯ ಬೆಳವಣಿಗೆಗೆ ದುಡಿಯಬೇಕೆಂದಿದ್ದೇನೆ ಅಂತ. ಅಕ್ಕ ಕೇಳಿದ್ದು ಇಷ್ಟೇ: "ಇದನ್ನ ನಿನ್ನ ಕ್ಲಾಸಿನಲ್ಲಿ ಎಷ್ಟು ಜನ ಬರೆದಿದ್ದಾರೆ?" ಎಲ್ಲರೂ ಬರೆದಿದ್ದರು. ಅಳಿಸಿದೆ. ಆ ಜಾಗದಲ್ಲಿ ಒಂದೇ ಸಾಲು ಇಟ್ಟೆ, ಸ್ಟಾಟಿಸ್ಟಿಕ್ಸ್ ಪದವೀಧರೆ, ಎಕ್ಸೆಲ್ ಮತ್ತು ಆರ್‌ನಲ್ಲಿ ದತ್ತಾಂಶ ವಿಂಗಡಿಸಿದ ಅಭ್ಯಾಸ ಇದೆ, ಡೇಟಾ ಅನಲಿಸ್ಟ್ ಕೆಲಸ ಹುಡುಕುತ್ತಿದ್ದೇನೆ ಎಂದು.

ಎರಡನೆಯದು ಪ್ರಾಜೆಕ್ಟ್ ಮೇಲೆ. ನಾನು ಬರೆದದ್ದು "ಕಾಲೇಜು ಗ್ರಂಥಾಲಯದ ದತ್ತಾಂಶದ ಮೇಲೆ ಪ್ರಾಜೆಕ್ಟ್" ಎಂದಷ್ಟೇ. ಅಕ್ಕನ ಪ್ರಶ್ನೆಗಳು ಒಂದರ ಕೆಳಗೊಂದು ಬಂದವು. "ಇದು ನೀನು ಮಾಡಿದ್ದಾ, ಗುಂಪು ಮಾಡಿದ್ದಾ?" ನಾಲ್ಕು ಜನ ಅಂದೆ. "ಅದರಲ್ಲಿ ನಿನ್ನ ಪಾಲು ಯಾವುದು?" ದಾಖಲೆ ಸ್ವಚ್ಛ ಮಾಡಿದ್ದು, ಗ್ರಾಫ್ ಹಾಕಿದ್ದು ಅಂದೆ. "ಎಷ್ಟು ದಾಖಲೆ?" ಲೆಕ್ಕ ಹಾಕಿ ನೋಡಿದೆ, 11,400 ಸಾಲು. "ಆಮೇಲೆ ಏನಾಯ್ತು?" ಇಲ್ಲಿ ನಾನು ನಿಂತೆ. ಪರೀಕ್ಷೆ ಹತ್ತಿರ ಬಂದಾಗ ಯಾವ ಪುಸ್ತಕಗಳಿಗೆ ಕ್ಯೂ ಬೀಳುತ್ತದೆ ಎಂದು ನಾವು ತೋರಿಸಿದ್ದೆವು, ಅದನ್ನು ನೋಡಿ ಗ್ರಂಥಪಾಲಕರು ಆರು ಪುಸ್ತಕಗಳ ಎರವಲು ದಿನ ಕಡಿಮೆ ಮಾಡಿದ್ದರು, ಇದು ನನಗೆ ಗೊತ್ತಿತ್ತು, ಆದರೆ ರೆಸ್ಯೂಮ್‌ನಲ್ಲಿ ಬರೆಯುವಂಥ ವಿಷಯ ಅಂತಲೇ ಅನ್ನಿಸಿರಲಿಲ್ಲ.

ಕೊನೆಗೆ ಆ ಸಾಲು ಹೀಗಾಯಿತು: "ನಾಲ್ವರ ತಂಡದಲ್ಲಿ 11,400 ಎರವಲು ದಾಖಲೆಗಳನ್ನು ಎಕ್ಸೆಲ್‌ನಲ್ಲಿ ಸ್ವಚ್ಛಗೊಳಿಸಿ, ಪರೀಕ್ಷಾ ತಿಂಗಳುಗಳ ಬೇಡಿಕೆಯನ್ನು ಆರ್‌ನಲ್ಲಿ ಗ್ರಾಫ್ ಮಾಡಿದೆ, ಇದರ ಮೇಲೆ ಗ್ರಂಥಾಲಯ ಆರು ಪುಸ್ತಕಗಳ ಎರವಲು ಅವಧಿ ಬದಲಿಸಿತು." ಮೊದಲಿನದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಓದಿ. ನಾನು ಹೊಸದಾಗಿ ಏನೂ ಸೇರಿಸಿಲ್ಲ, ದೊಡ್ಡದು ಮಾಡಿಯೂ ಹೇಳಿಲ್ಲ. ಇದ್ದದ್ದನ್ನೇ ಹೇಳಿದ್ದು.

ಮೂರನೆಯದು ನಾನು ಬರೆಯದೇ ಬಿಟ್ಟಿದ್ದರ ಮೇಲೆ. ಪುಟದ ಕೊನೆಯಲ್ಲಿ ಅಕ್ಕ ಕಾಮೆಂಟ್ ಹಾಕಿದ್ದಳು. "ಎರಡು ವರ್ಷ ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಟ್ಟೆಯಲ್ಲ, ಅದೆಲ್ಲಿ?" ಅದು ಕೆಲಸ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಯೋಚನೆ ಮಾಡಿ, ಏಳು ಮಕ್ಕಳು, ವಾರಕ್ಕೆ ನಾಲ್ಕು ದಿನ, ಎರಡು ವರ್ಷ ತಪ್ಪದೆ ಹೋಗಿದ್ದೆ, ಪ್ರತಿ ತಿಂಗಳು ಅಪ್ಪ ಅಮ್ಮಂದಿರ ಹತ್ತಿರ ಕೂತು ಮಗು ಎಲ್ಲಿ ಹಿಂದೆ ಬಿದ್ದಿದೆ ಎಂದು ಹೇಳುತ್ತಿದ್ದೆ. ಗೊತ್ತಿಲ್ಲದವರಿಗೆ ಲೆಕ್ಕ ಬಿಡಿಸಿ ಹೇಳುವುದು ಡೇಟಾ ಕೆಲಸದಲ್ಲಿ ದಿನಾ ಬೇಕಾಗುವ ಗುಣ. ಅಂಗಡಿ ಕೌಂಟರ್‌ನಲ್ಲಿ ನಿಂತವರು, ಮನೆಯವರ ವ್ಯಾಪಾರದ ಲೆಕ್ಕ ಬರೆದವರು, ಕಾಲೇಜು ಹಬ್ಬದ ಖರ್ಚು ನೋಡಿಕೊಂಡವರು, ನೀವೆಲ್ಲ ದಯವಿಟ್ಟು ಅದನ್ನು ಬರೆಯಿರಿ. ನಾಚಿಕೆ ಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ನಿಮಗೆ ಎಚ್‌ಆರ್‌ನಲ್ಲಿ ಅಕ್ಕ ಇಲ್ಲದಿರಬಹುದು. ಬೇಕಾಗಿಯೂ ಇಲ್ಲ. ಆಮೇಲೆ ನನ್ನ ಗೆಳತಿಯ ರೆಸ್ಯೂಮ್‌ಗೆ ನಾನೇ ಕಾಮೆಂಟ್ ಹಾಕಿದೆ, ಅವಳು ಓದಿದ್ದು ಸಸ್ಯಶಾಸ್ತ್ರ, ನನಗೆ ಅದರ ಗಂಧವೂ ಇಲ್ಲ. ಅದರಿಂದ ಒಳ್ಳೆಯದೇ ಆಯಿತು. ಎಷ್ಟು, ಯಾರು, ಹೇಗೆ, ಆಮೇಲೇನು ಎಂದು ಕೇಳುತ್ತಾ ಹೋದೆ. ವಿಷಯ ಗೊತ್ತಿಲ್ಲದವರಿಗೆ ಅರ್ಥವಾಗುವ ಹಾಗೆ ಬರೆದರೆ, ಮೊದಲು ಫೈಲ್ ತೆರೆಯುವ ಎಚ್‌ಆರ್‌ನವರಿಗೂ ಅರ್ಥವಾಗುತ್ತದೆ. ಅವರೂ ನಿಮ್ಮ ವಿಷಯ ಓದಿದವರಾಗಿರುವುದು ಅಪರೂಪ.

ಅವರ ಹತ್ತಿರ ಸಮಯವೂ ಕಡಿಮೆ. ಲ್ಯಾಡರ್ಸ್ ಎಂಬ ಅಮೆರಿಕದ ಉದ್ಯೋಗ ತಾಣ ರೆಸ್ಯೂಮ್ ನೋಡುವಾಗ ಎಚ್‌ಆರ್‌ನವರ ಕಣ್ಣು ಎಲ್ಲೆಲ್ಲಿ ಓಡುತ್ತದೆ ಎಂದು ಅಳೆದಿತ್ತು. 2012ರಲ್ಲಿ ಮೊದಲ ನೋಟಕ್ಕೆ ಸುಮಾರು 6 ಸೆಕೆಂಡ್ ಎಂದಿತ್ತು, 2018ರಲ್ಲಿ ಮತ್ತೆ ಅಳೆದಾಗ 7.4 ಸೆಕೆಂಡ್. ಇದು ಮೊದಲ ನೋಟದ ಲೆಕ್ಕ ಮಾತ್ರ, ಅಷ್ಟರಲ್ಲೇ ಎಲ್ಲ ಮುಗಿಯಿತು ಎಂದಲ್ಲ. ಆದರೂ ತಲೆಬರಹ ಸ್ಪಷ್ಟವಾಗಿರಬೇಕು, ಫ್ರೆಶರ್‌ಗೆ ಒಂದು ಪುಟ ಸಾಕು ಎಂದು ಯಾಕೆ ಹೇಳುತ್ತಾರೆ ಎನ್ನುವುದು ಇದರಿಂದ ತಿಳಿಯುತ್ತದೆ. ನನ್ನದು ಮೊದಲು ಒಂದೂಕಾಲು ಪುಟ ಆಗಿತ್ತು. ಆಗ ನಾನು ಅಕ್ಷರ ಚಿಕ್ಕದು ಮಾಡಲು ಹೊರಟೆ. ಹಾಗೆ ಮಾಡಬೇಡಿ, ಓದುವವರ ಕಣ್ಣಿಗೆ ಹಿಂಸೆ. ಮೈಕ್ರೋಸಾಫ್ಟ್ ವರ್ಡ್ ಬರುತ್ತದೆ, ಇಂಟರ್ನೆಟ್ ಬಳಸಲು ಗೊತ್ತು, ಸಂಗೀತ ಕೇಳುವುದು ಹವ್ಯಾಸ, ಇವನ್ನು ತೆಗೆದ ಕೂಡಲೇ ಒಂದು ಪುಟಕ್ಕೆ ಬಂತು.

ಮಧ್ಯದಲ್ಲಿ ಒಂದು ಎಐ ಚಾಟ್‌ಬಾಟ್‌ಗೂ ನನ್ನ ಸಾಲುಗಳನ್ನು ಕೊಟ್ಟು ನೋಡಿದೆ. ವ್ಯಾಕರಣ ಚೆನ್ನಾಗಿ ತಿದ್ದಿತು, ಅದಕ್ಕೆ ಬಳಸಬಹುದು. ಆದರೆ ಗ್ರಂಥಾಲಯದ ಸಾಲಿಗೆ "ದಕ್ಷತೆಯನ್ನು 30% ಹೆಚ್ಚಿಸಿದೆ" ಎಂದು ತಾನೇ ಸೇರಿಸಿಬಿಟ್ಟಿತ್ತು. ಆ 30 ಎಲ್ಲಿಂದ ಬಂತೋ ಗೊತ್ತಿಲ್ಲ, ನಾವು ಅಂಥದ್ದೇನೂ ಅಳೆದಿರಲಿಲ್ಲ. ಓದಲು ಎಷ್ಟು ಚೆನ್ನಾಗಿತ್ತು ಅಂದರೆ ಹಾಗೇ ಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಬಿಡಲಿಲ್ಲ. ಎದುರು ಕೂತವರು ಹೇಗೆ ಅಳೆದಿರಿ ಎಂದು ಕೇಳಿದರೆ ಏನು ಹೇಳುವುದು? ಎಐ ಹತ್ತಿರ ತಿದ್ದಿಸಿಕೊಂಡರೆ ಪ್ರತಿ ಅಂಕಿಯನ್ನೂ ಮತ್ತೆ ನೋಡಿ.

ಡಾಕ್ಸ್‌ನಲ್ಲಿ ನನಗೆ ತುಂಬಾ ಹಿಡಿಸಿದ ಇನ್ನೊಂದು ವಿಷಯ ವರ್ಷನ್ ಹಿಸ್ಟರಿ. ಹಿಂದೆ ಬರೆದದ್ದೆಲ್ಲ ಉಳಿದಿರುತ್ತದೆ, ಬೇಕಾದ ಹಂತಕ್ಕೆ ಹೆಸರಿಟ್ಟುಕೊಳ್ಳಬಹುದು. ಅಳಿಸಲು ಭಯ ಇಲ್ಲ ಅನ್ನುವುದು ಸಣ್ಣ ಮಾತಲ್ಲ, ಅಷ್ಟು ಕಷ್ಟಪಟ್ಟು ಬರೆದ ಸಾಲನ್ನು ತೆಗೆಯುವಾಗ ಕೈ ನಡುಗುತ್ತದೆ ಅಲ್ವಾ. ನಾನು ಎಲ್ಲವನ್ನೂ ಬರೆದ ಉದ್ದನೆಯ ಒಂದು ಫೈಲ್ ಇಟ್ಟುಕೊಂಡಿದ್ದೇನೆ, ಅದು ಯಾರಿಗೂ ಹೋಗುವುದಿಲ್ಲ. ಒಂದೊಂದು ಕೆಲಸಕ್ಕೆ ಅದರ ಕಾಪಿ ಮಾಡಿ, ಜಾಹೀರಾತು ಓದಿ, ಬೇಡದ್ದನ್ನು ತೆಗೆದು ಕಳಿಸುತ್ತೇನೆ. ಜಾಹೀರಾತಿನಲ್ಲಿ ಡೇಟಾ ಕ್ಲೀನಿಂಗ್ ಎಂದಿದ್ದರೆ ನನ್ನ ಸಾಲಿನಲ್ಲೂ ಅದೇ ಪದ ಇರಲಿ, ಹುಡುಕುವವರು ಹುಡುಕುವುದು ಅದೇ ಪದವನ್ನು. ಮಾಡಿಲ್ಲದ್ದನ್ನು ಮಾತ್ರ ಹಾಕಬೇಡಿ. ಸುಮ್ನೆ ಒಂದೇ ಫೈಲ್ ಅನ್ನು ನೂರು ಕಡೆ ಕಳಿಸುವುದಕ್ಕಿಂತ ಹೀಗೆ ಹತ್ತು ಕಡೆ ಕಳಿಸುವುದೇ ಮೇಲು.

ಯಾರಿಗೆ ಇದು ಸಾಲುವುದಿಲ್ಲ ಎಂದೂ ಹೇಳಬೇಕು. ಗ್ರಾಫಿಕ್ ಡಿಸೈನ್ ಓದಿದವರಿಗೆ ಪುಟದ ಅಂದವೇ ಕೆಲಸದ ಮಾದರಿ, ಅವರು ಕ್ಯಾನ್ವಾ ಅಥವಾ ತಮ್ಮದೇ ಸಾಧನ ಬಳಸಲಿ, ಜೊತೆಗೆ ಪೋರ್ಟ್‌ಫೋಲಿಯೋ ಲಿಂಕ್ ಕೊಡಲಿ. ಪಿಎಚ್‌ಡಿಗೆ ಅರ್ಜಿ ಹಾಕುವವರಿಗೆ ಬೇಕಾದದ್ದು ಸಿವಿ, ಅಂದರೆ ಓದು, ಸಂಶೋಧನೆ ಎಲ್ಲವನ್ನೂ ವಿವರವಾಗಿ ಬರೆಯುವುದು, ಅದು ಒಂದು ಪುಟಕ್ಕೆ ನಿಲ್ಲಬೇಕಾಗಿಲ್ಲ. ಯುರೋಪಿನ ಸಂಸ್ಥೆಗಳಿಗೆ ಹಾಕುವವರು ಯುರೋಪಾಸ್ ನೋಡಿ, ಸಿವಿ ಮಾಡಿಕೊಳ್ಳುವ ತಾಣ, ಯುರೋಪಿಯನ್ ಒಕ್ಕೂಟವೇ ನಡೆಸುವುದು, ಅದೂ ಪುಕ್ಕಟೆ. ಫೋಟೋ ಹಾಕಬೇಕಾ ಬೇಡವಾ ಎನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಜರ್ಮನಿಯಲ್ಲಿ ಈಗಲೂ ತುಂಬಾ ಜನ ಹಾಕುತ್ತಾರೆ, ಅಮೆರಿಕದಲ್ಲಿ ಬೇಡ ಅನ್ನುತ್ತಾರೆ. ಕೇಳದಿದ್ದರೆ ನಾನು ಹಾಕುವುದಿಲ್ಲ.

ಕಳಿಸುವಾಗ ಡಾಕ್ಸ್ ಲಿಂಕ್ ಕಳಿಸಬೇಡಿ. ಅನುಮತಿ ಕೊಡಲು ಮರೆತಿದ್ದರೆ ಎದುರಿನವರಿಗೆ ಪುಟವೇ ತೆರೆಯುವುದಿಲ್ಲ, ಅವರು ಅನುಮತಿ ಕೇಳಿಕೊಂಡು ಕಾಯುತ್ತಾ ಕೂರುವುದಿಲ್ಲ. ಪಿಡಿಎಫ್ ಆಗಿ ಇಳಿಸಿಕೊಳ್ಳಿ, ಫೈಲ್‌ಗೆ ನಿಮ್ಮ ಹೆಸರು ಮತ್ತು ಕೆಲಸದ ಹೆಸರು ಇಡಿ, ಬರೀ ರೆಸ್ಯೂಮ್ ಎಂದಿದ್ದರೆ ಅವರ ಕಂಪ್ಯೂಟರ್‌ನಲ್ಲಿ ಅದೇ ಹೆಸರಿನವು ಎಷ್ಟೋ ಇರುತ್ತವೆ. ಕೆಲವು ಕಡೆ ವರ್ಡ್ ಫೈಲೇ ಬೇಕು ಅನ್ನುತ್ತಾರೆ, ಅದೂ ಡೌನ್‌ಲೋಡ್ ಮೆನುವಿನಲ್ಲೇ ಸಿಗುತ್ತದೆ, ಆದರೆ ಇಳಿಸಿದ ಮೇಲೆ ವರ್ಡ್‌ನಲ್ಲಿ ಒಮ್ಮೆ ತೆರೆದು ನೋಡಿ, ಫಾಂಟ್ ಬದಲಾಗಿ ಎರಡು ಸಾಲು ಮುಂದಿನ ಪುಟಕ್ಕೆ ಜಾರಿರಬಹುದು. ಫೋನ್ ನಂಬರನ್ನು ಬೇರೆಯವರ ಹತ್ತಿರ ಗಟ್ಟಿಯಾಗಿ ಓದಿಸಿ, ಸ್ಪೆಲ್‌ಚೆಕ್ ಅಂಕಿಯ ತಪ್ಪು ಹಿಡಿಯುವುದಿಲ್ಲ. ನನ್ನ ನಂಬರ್‌ನಲ್ಲಿ ಎರಡು ಅಂಕಿ ಅದಲುಬದಲಾಗಿದ್ದನ್ನು ಕಂಡುಹಿಡಿದದ್ದು ಅಮ್ಮ.